ಢಿಕ್ಕಿಯ ಗಣಿತವೂ ಸೀಟ್ ಬೆಲ್ಟೂ

ಕೋಲಾರ ಜಿಲ್ಲೆಯ ಬೂದಿಕೋಟೆಯು ಹೈದರ್ ಅಲಿಯ ಜನ್ಮಸ್ಥಳವೆಂದು ಚರಿತ್ರೆಯಲ್ಲಿ ಹೆಸರಾದ ಊರು. ಆದರೆ ಆ ಸೀಮೆಯ ರೈತನ ಮನಸ್ಸು ಇಂದು ಚರಿತ್ರೆಗಿಂತ ಹೆಚ್ಚಾಗಿ ಟೊಮೇಟೊ ಬೆಳೆಯ ಕಡೆಗೆ ಇರುವುದು. ಬೆಳೆ ಕೈಗೆ ಬಂದ ದಿನಗಳಲ್ಲಿ ಹದಿನೈದು ಕಿಲೊ ಹಿಡಿಯುವ ಬಾಕ್ಸುಗಳನ್ನು ಗಾಡಿಯ ಮೇಲೆ ಸಾಲಾಗಿ ಅಟ್ಟಿ, ಕೋಲಾರದ ಮಾರುಕಟ್ಟೆಗೆ ಸಾಗಿಸುವರು. ಹೊರಡುವ ಮೊದಲು ಆ ಬಾಕ್ಸುಗಳನ್ನು ಹಗ್ಗದಿಂದ ಬಿಗಿಯುವುದು ವಾಡಿಕೆ. ಏಕೆ ಬಿಗಿಯಬೇಕೆಂದು ಚಾಲಕನನ್ನು ಕೇಳಿದರೆ, "ಬ್ರೇಕು ಹಾಕಿದಾಗ ಮುಂದಕ್ಕೆ ಜಾರುತ್ತವೆ" ಎಂದು ಥಟ್ಟನೆ ಉತ್ತರ ಕೊಡುವನು. ಭೌತಶಾಸ್ತ್ರದ ಒಂದು ಮುಖ್ಯ ನಿಯಮ ಆ ಉತ್ತರದಲ್ಲಿ ಅಡಗಿದೆ. ಆದರೆ ಅದೇ ನಿಯಮವು ತನ್ನ ದೇಹಕ್ಕೂ ಅನ್ವಯಿಸುವುದೆಂಬುದನ್ನು ಅನೇಕ ಚಾಲಕರು ಮರೆಯುವರು. ಟೊಮೇಟೊ ಬಾಕ್ಸಿಗೆ ಹಗ್ಗ ದೊರೆಯುವುದು; ಬಾಕ್ಸು ಹೊತ್ತ ಗಾಡಿಯನ್ನು ನಡೆಸುವವನು ಮಾತ್ರ ಬಿಗಿಯಿಲ್ಲದೆ ಕುಳಿತಿರುವನು. ಪೊಲೀಸರೋ ಕ್ಯಾಮರಾವೋ ಕಂಡಾಗ ಬೆಲ್ಟನ್ನು ಎದೆಯ ಮೇಲೆ ಎಳೆದುಕೊಳ್ಳುವುದು, ದಾಟಿದ ಮೇಲೆ ಬಿಟ್ಟುಬಿಡುವುದು ಎಲ್ಲ ಕಡೆಯೂ ಕಾಣುವ ನೋಟ. ಬೆಲ್ಟು ಯಾರಿಗಾಗಿ ಇದೆ, ಕ್ಯಾಮರಾ ಯಾವುದಕ್ಕಾಗಿ ಇದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಜಡತ್ವವೂ ಮೂರು ಢಿಕ್ಕಿಗಳೂ

ಹೊರಗಿನ ಬಲವೊಂದು ತಡೆಯುವವರೆಗೆ, ಚಲಿಸುತ್ತಿರುವ ವಸ್ತುವು ಅದೇ ವೇಗದಲ್ಲಿ, ಅದೇ ಸರಳರೇಖೆಯಲ್ಲಿ ಚಲಿಸುತ್ತಲೇ ಇರುವುದು. 1687ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನ್ಯೂಟನ್ ನಿರೂಪಿಸಿದ ಚಲನೆಯ ಮೊದಲನೆಯ ನಿಯಮ ಇದು. ವಸ್ತುವಿನ ಈ ಗುಣಕ್ಕೆ ಜಡತ್ವವೆಂದು ಹೆಸರು.

ಗಂಟೆಗೆ 54 ಕಿಲೊಮೀಟರು ವೇಗದಲ್ಲಿ ಹೋಗುತ್ತಿರುವ ಕಾರೊಂದು ರಸ್ತೆಯ ಪಕ್ಕದ ಹುಣಿಸೆಯ ಮರಕ್ಕೆ ಗುದ್ದಿತೆಂದು ಭಾವಿಸೋಣ. ನೋಡುವವರ ಕಣ್ಣಿಗೆ ಇದು ಒಂದೇ ಢಿಕ್ಕಿ. ವಾಸ್ತವವಾಗಿ ಇಲ್ಲಿ ನಡೆಯುವ ಢಿಕ್ಕಿಗಳು ಮೂರು. ಮೊದಲನೆಯದು, ಕಾರು ಮರಕ್ಕೆ ಗುದ್ದುವುದು. ಆಗ ಕಾರಿನ ಮೂತಿ ಜಜ್ಜಿಹೋಗಿ ಕಾರು ನಿಲ್ಲುವುದು. ಆದರೆ ಒಳಗಿರುವವನಿಗೆ ಮರ ತಗುಲಿಲ್ಲವಾದುದರಿಂದ ಅವನು ಇನ್ನೂ ಗಂಟೆಗೆ 54 ಕಿಲೊಮೀಟರಿನ ವೇಗದಲ್ಲಿಯೇ ಮುಂದಕ್ಕೆ ಹೋಗುತ್ತಿರುವನು. ಅವನ ದೇಹವು ಸ್ಟೀರಿಂಗಿಗೋ ಮುಂದಿನ ಗಾಜಿಗೋ ಬಡಿಯುವುದು ಎರಡನೆಯ ಢಿಕ್ಕಿ. ದೇಹವು ನಿಂತ ಮೇಲೂ ಒಳಗಿನ ಮಿದುಳು, ಹೃದಯ, ಪಿತ್ತಕೋಶಗಳು ಚಲಿಸುತ್ತಿರುತ್ತವೆ. ಮಿದುಳು ತಲೆಬುರುಡೆಗೂ ಹೃದಯವು ಎದೆಗೂಡಿಗೂ ತಾಗುವುದು ಮೂರನೆಯದು. ಎಷ್ಟೋ ಅಪಘಾತಗಳಲ್ಲಿ ಹೊರಗೆ ಗಾಯವೇ ಕಾಣದೆ ಪ್ರಾಣ ಹೋಗುವುದಕ್ಕೆ ಈ ಮೂರನೆಯ ಢಿಕ್ಕಿಯೇ ಕಾರಣ.

ನಿಲ್ಲುವುದಕ್ಕೆ ಬೇಕಾದ ದೂರ

ವೇಗದಿಂದ ಯಾರೂ ಸಾಯುವುದಿಲ್ಲ; ವಿಮಾನದಲ್ಲಿ ಕುಳಿತವನು ಗಂಟೆಗೆ 800 ಕಿಲೊಮೀಟರು ವೇಗದಲ್ಲಿಯೂ ನೆಮ್ಮದಿಯಾಗಿ ನಿದ್ರಿಸುವನು. ಅಪಾಯವಿರುವುದು ಆ ವೇಗವನ್ನು ಕಳೆದುಕೊಳ್ಳುವ ರೀತಿಯಲ್ಲಿ. ಇದನ್ನು ಲೆಕ್ಕಮಾಡಿಯೇ ನೋಡೋಣ.

ಗಂಟೆಗೆ 54 ಕಿಲೊಮೀಟರೆಂದರೆ ಸೆಕೆಂಡಿಗೆ 15 ಮೀಟರು. ನಿಲ್ಲಬೇಕಾದ ವಸ್ತುವಿನ ಸರಾಸರಿ ಋಣ ವೇಗೋತ್ಕರ್ಷವು, ವೇಗದ ವರ್ಗವನ್ನು ನಿಲ್ಲುವ ದೂರದ ಇಮ್ಮಡಿಯಿಂದ ಭಾಗಿಸಿದಷ್ಟು ಎಂಬುದನ್ನು ಹೈಸ್ಕೂಲಿನ ವಿದ್ಯಾರ್ಥಿಗಳು ಬಲ್ಲರು. ಬೆಲ್ಟು ಕಟ್ಟದ ಮನುಷ್ಯನು ಸ್ಟೀರಿಂಗಿಗೋ ಡ್ಯಾಶ್‌ಬೋರ್ಡಿಗೋ ಬಡಿದು ಸುಮಾರು 5 ಸೆಂಟಿಮೀಟರಿನೊಳಗೆ ನಿಂತನೆನ್ನೋಣ. 15ರ ವರ್ಗ 225; ಇದನ್ನು 0.1ರಿಂದ ಭಾಗಿಸಿದರೆ 2,250. ಇದು ಗುರುತ್ವ ವೇಗೋತ್ಕರ್ಷದ ಸುಮಾರು 230ರಷ್ಟು. ಅವನ ದ್ರವ್ಯರಾಶಿ 60 ಕಿಲೊಗ್ರಾಂ ಆಗಿದ್ದರೆ, ಅವನ ಮೇಲೆ ಬೀಳುವ ಸರಾಸರಿ ಬಲ 1,35,000 ನ್ಯೂಟನ್. ಎಂದರೆ ಸುಮಾರು 14 ಟನ್ನಿನ ತೂಕ. ಅದೂ ಒಂದು ಸೆಕೆಂಡಿನ ನೂರೈವತ್ತನೆಯ ಒಂದು ಭಾಗದಷ್ಟು ಕಾಲದಲ್ಲಿ.

ಇನ್ನು ಬೆಲ್ಟು ಕಟ್ಟಿದವನ ಸ್ಥಿತಿಯನ್ನು ನೋಡೋಣ. ಬೆಲ್ಟು ಅವನನ್ನು ಕಾರಿಗೆ ಬಿಗಿದಿರುವುದರಿಂದ ಕಾರು ನಿಧಾನವಾಗತೊಡಗಿದ ಕ್ಷಣದಿಂದಲೇ ಅವನೂ ನಿಧಾನವಾಗತೊಡಗುವನು. ಕಾರಿನ ಮೂತಿ 55 ಸೆಂಟಿಮೀಟರು ಕುಗ್ಗಿ, ಬೆಲ್ಟು ಹಿಗ್ಗಿ ಇನ್ನು 20 ಸೆಂಟಿಮೀಟರು ಜಾಗ ಕೊಟ್ಟಿತೆಂದರೆ ಅವನಿಗೆ ನಿಲ್ಲಲು ದೊರೆತ ದೂರ 75 ಸೆಂಟಿಮೀಟರು. 225ನ್ನು 1.5ರಿಂದ ಭಾಗಿಸಿದರೆ 150. ಇದು ಗುರುತ್ವ ವೇಗೋತ್ಕರ್ಷದ ಸುಮಾರು 15ರಷ್ಟು. ಬಲವು 9,000 ನ್ಯೂಟನ್, ಎಂದರೆ ಸುಮಾರು 900 ಕಿಲೊಗ್ರಾಂ ತೂಕ. ಇದೇನೂ ಸಣ್ಣ ಬಲವಲ್ಲ. ಎದೆಯ ಮೇಲೆ ಬರೆ ಬೀಳಬಹುದು, ಪಕ್ಕೆಲುಬು ಮುರಿಯಲೂಬಹುದು. ಆದರೆ ಇದು ಮನುಷ್ಯನು ತಾಳಿಕೊಳ್ಳಬಲ್ಲ ಬಲ. ಹದಿನಾಲ್ಕು ಟನ್ನು ತಾಳಿಕೊಳ್ಳಲಾಗದ ಬಲ. ಕಾರು ಅದೇ, ಮರ ಅದೇ, ವೇಗ ಅದೇ. ವ್ಯತ್ಯಾಸವಿರುವುದು 5 ಸೆಂಟಿಮೀಟರಿಗೂ 75 ಸೆಂಟಿಮೀಟರಿಗೂ ನಡುವೆ ಮಾತ್ರ. ಸೀಟ್ ಬೆಲ್ಟು ನಮಗೆ ಕೊಡುವುದು ಈ 70 ಸೆಂಟಿಮೀಟರನ್ನೇ.

"ಢಿಕ್ಕಿಯಾಗುವಾಗ ಕೈಯೂರಿ ತಡೆದುಕೊಳ್ಳುತ್ತೇನೆ" ಎಂದು ಹೇಳುವವರಿದ್ದಾರೆ. ಒಂಬತ್ತು ಕ್ವಿಂಟಲನ್ನು ಕೈಗಳಿಂದ ತಡೆಯಬಲ್ಲವರು ಮಾತ್ರ ಈ ಮಾತನ್ನು ಆಡಬಹುದು. ಅದಲ್ಲದೆ, ಈ ಢಿಕ್ಕಿಯೆಲ್ಲ ಮುಗಿಯುವುದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. ಅಪಾಯವನ್ನು ಕಂಡು ಕೈಯೆತ್ತುವುದಕ್ಕೆ ಮನುಷ್ಯನಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು.

1954ರ ಒಂದು ಪ್ರಯೋಗ

ಮನುಷ್ಯನ ದೇಹವು ಎಷ್ಟನ್ನು ತಾಳಬಲ್ಲದು ಎಂಬುದನ್ನು ತನ್ನ ಮೈಮೇಲೆಯೇ ಪ್ರಯೋಗಮಾಡಿ ನೋಡಿದವನು ಅಮೆರಿಕದ ವಾಯುದಳದ ವೈದ್ಯ ಜಾನ್ ಸ್ಟ್ಯಾಪ್. 1954ರ ಡಿಸೆಂಬರ್ 10ರಂದು ಅವನು ಹಳಿಗಳ ಮೇಲೆ ಓಡುವ ರಾಕೆಟ್ ಬಂಡಿಯೊಂದರಲ್ಲಿ, ಅಗಲವಾದ ಪಟ್ಟಿಗಳಿಂದ ಆಸನಕ್ಕೆ ಬಿಗಿಸಿಕೊಂಡು ಕುಳಿತನು. ಬಂಡಿಯು ಗಂಟೆಗೆ 1,017 ಕಿಲೊಮೀಟರಿನ ವೇಗವನ್ನು ಮುಟ್ಟಿ, ಬಳಿಕ 1.4 ಸೆಕೆಂಡಿನಲ್ಲಿ ನಿಂತಿತು. ಆಗ ಅವನು ಅನುಭವಿಸಿದ ಗರಿಷ್ಠ ಋಣ ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷದ 46ರಷ್ಟಕ್ಕಿಂತ ತುಸು ಹೆಚ್ಚು. ಕಣ್ಣಿನ ರಕ್ತನಾಳಗಳು ಒಡೆದು ಕೆಲಕಾಲ ದೃಷ್ಟಿ ಮಂಜಾಯಿತಾದರೂ ಅವನು ಬದುಕಿ ಚೇತರಿಸಿಕೊಂಡನು.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ವಿದ್ಯಾರ್ಥಿಗಳು ಯೋಚಿಸಬೇಕು. ಗಂಟೆಗೆ ಸಾವಿರ ಕಿಲೊಮೀಟರು ವೇಗದಿಂದ ನಿಂತವನು ಅನುಭವಿಸಿದ್ದು 46ರಷ್ಟು. ಬೆಲ್ಟು ಕಟ್ಟದೆ 54 ಕಿಲೊಮೀಟರು ವೇಗದಲ್ಲಿ ಮರಕ್ಕೆ ಗುದ್ದಿದ ಕಾರಿನವನು ಅನುಭವಿಸುವುದು 230ರಷ್ಟು. ಸ್ಟ್ಯಾಪನನ್ನು ಉಳಿಸಿದವು ಎರಡು: ನಿಲ್ಲುವುದಕ್ಕೆ ದೊರೆತ ದೀರ್ಘವಾದ ದೂರ ಮತ್ತು ಅವನನ್ನು ಬಿಗಿದಿದ್ದ ಪಟ್ಟಿ. ಮುಂದೆ ಅವನು ಮೋಟಾರು ಕಾರುಗಳಲ್ಲಿ ಬೆಲ್ಟನ್ನು ಕಡ್ಡಾಯಮಾಡಬೇಕೆಂದು ಬಹಳವಾಗಿ ಶ್ರಮಿಸಿದನು.

ಮೂರು ಬಿಂದುಗಳ ಬೆಲ್ಟು

ಮೊದಮೊದಲು ಕಾರುಗಳಲ್ಲಿದ್ದುದು ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿ. ಅದು ಸೊಂಟವನ್ನು ಹಿಡಿದರೂ ಎದೆ ಮತ್ತು ತಲೆ ಮುಂದಕ್ಕೆ ಬಾಗಿ ಬಡಿಯುತ್ತಿದ್ದುವು. 1959ರಲ್ಲಿ ಸ್ವೀಡನ್ ದೇಶದ ವೋಲ್ವೊ ಕಂಪನಿಯ ಇಂಜಿನಿಯರ್ ನಿಲ್ಸ್ ಬೋಲಿನ್ ಇಂದು ನಾವು ಕಾಣುವ ಬೆಲ್ಟನ್ನು ರೂಪಿಸಿದನು. ಅದಕ್ಕೆ ಮೊದಲು ಅವನು ಯುದ್ಧವಿಮಾನಗಳಿಂದ ಚಾಲಕನನ್ನು ಹೊರಕ್ಕೆ ಚಿಮ್ಮಿಸುವ ಆಸನಗಳ ಮೇಲೆ ಕೆಲಸಮಾಡಿದ್ದನು. ಒಂದೇ ಪಟ್ಟಿಯು ಹೆಗಲಿನಿಂದ ಇಳಿದು, ಸೊಂಟದ ಪಕ್ಕದ ಕೊಂಡಿಯಲ್ಲಿ ತಿರುಗಿ, ಸೊಂಟವನ್ನು ಸುತ್ತಿ, ಮೂರು ಬಿಂದುಗಳಲ್ಲಿ ಭದ್ರವಾಗುವುದು. ಇದನ್ನು ಒಂದೇ ಕೈಯಿಂದ ಹಾಕಿಕೊಳ್ಳಬಹುದು. ಈ ಹೊಸ ರಚನೆಯನ್ನು ಇತರ ಕಂಪನಿಗಳೂ ಬಳಸಿಕೊಳ್ಳಲು ವೋಲ್ವೊ ಅವಕಾಶಕೊಟ್ಟಿತು.

ಪಟ್ಟಿ ಏಕೆ ಅಗಲವಾಗಿದೆ? ಬಲವು ಅದೇ ಆದರೂ ಹರಡುವ ಕ್ಷೇತ್ರ ಹೆಚ್ಚಿದಂತೆ ಒತ್ತಡ ಕಡಿಮೆಯಾಗುವುದು. ರಾಗಿಯ ಮೂಟೆಯನ್ನು ಹೊರುವವನು ಹೆಗಲ ಮೇಲೆ ಟವಲನ್ನು ಮಡಿಸಿಟ್ಟುಕೊಳ್ಳುವುದೂ ಇದೇ ಕಾರಣಕ್ಕೆ. ಪಟ್ಟಿಯು ದೇಹದ ಗಟ್ಟಿ ಮೂಳೆಗಳ ಮೇಲೆ ಹಾಯಬೇಕು: ಮೇಲಿನ ಭಾಗ ಹೆಗಲೆಲುಬು ಮತ್ತು ಎದೆಮೂಳೆಯ ಮೇಲೆ, ಕೆಳಗಿನ ಭಾಗ ಸೊಂಟದ ಮೂಳೆಯ ಮೇಲೆ. ಹೊಟ್ಟೆಯ ಮೇಲೆ ಹಾದರೆ ಮೃದುವಾದ ಅಂಗಗಳಿಗೆ ಪೆಟ್ಟಾಗುವುದು. ಗರ್ಭಿಣಿಯರು ಕೆಳಗಿನ ಪಟ್ಟಿಯನ್ನು ಹೊಟ್ಟೆಯ ಕೆಳಗೆ ಬರುವಂತೆ ಹಾಕಿಕೊಳ್ಳಬೇಕು. ಪಟ್ಟಿಯ ಮೇಲ್ಭಾಗವನ್ನು ಕಂಕುಳ ಕೆಳಗೆ ತೂರಿಸಿಕೊಳ್ಳುವ ಅಭ್ಯಾಸವು ಬೆಲ್ಟಿನ ಅರ್ಧ ಉಪಯೋಗವನ್ನೇ ಕೆಡಿಸುವುದು.

ಬೆಲ್ಟು ಸುತ್ತಿಕೊಳ್ಳುವ ಡಬ್ಬಿಯೊಳಗೆ ಸುಂದರವಾದ ಒಂದು ಯುಕ್ತಿಯಿದೆ. ನಿಂತಿರುವ ಕಾರಿನಲ್ಲಿ ಬೆಲ್ಟನ್ನು ಮೆಲ್ಲಗೆ ಎಳೆದರೆ ಅದು ಸರಾಗವಾಗಿ ಬರುವುದು. ಥಟ್ಟನೆ ಜಗ್ಗಿದರೆ ಕಚ್ಚಿಕೊಂಡು ನಿಲ್ಲುವುದು. ಒಳಗಿನ ಉರುಳೆಯು ರಭಸದಿಂದ ತಿರುಗಿದಾಗ ಅದರ ಸನ್ನೆಯೊಂದು ಹೊರಕ್ಕೆ ಸರಿದು ಹಲ್ಲುಗಳಲ್ಲಿ ಸಿಕ್ಕಿಕೊಳ್ಳುವುದೇ ಇದಕ್ಕೆ ಕಾರಣ. ಇದಲ್ಲದೆ ಒಂದು ಸಣ್ಣ ಗುಂಡು ಅಥವಾ ಲೋಲಕವೂ ಅಲ್ಲಿರುವುದು. ಕಾರು ಹಠಾತ್ತಾಗಿ ನಿಂತಾಗ ಜಡತ್ವದಿಂದ ಅದು ಮುಂದಕ್ಕೆ ಸರಿದು ಉರುಳೆಯನ್ನು ಬಂಧಿಸುವುದು. ಯಾವ ಜಡತ್ವವು ಮನುಷ್ಯನನ್ನು ಮುಂದಕ್ಕೆ ಎಸೆಯುವುದೋ ಅದೇ ಜಡತ್ವದಿಂದಲೇ ಅವನನ್ನು ಹಿಡಿಯುವ ಕೀಲೂ ಕೆಲಸಮಾಡುವುದು.

"ನಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇದೆ, ಬೆಲ್ಟು ಏಕೆ?" ಎಂದು ಕೇಳುವವರೂ ಉಂಟು. ಏರ್‌ಬ್ಯಾಗು ಬೆಲ್ಟಿಗೆ ಪೂರಕವೇ ಹೊರತು ಬದಲಿಯಲ್ಲ. ಅದು ಸೆಕೆಂಡಿನ ಮೂವತ್ತನೆಯ ಒಂದು ಭಾಗದೊಳಗೆ ಸ್ಫೋಟಿಸಿದಂತೆ ಉಬ್ಬುವುದು. ಬೆಲ್ಟಿಲ್ಲದವನು ಅಷ್ಟರಲ್ಲಿ ಮುಂದಕ್ಕೆ ಜಾರಿದ್ದರೆ, ಉಬ್ಬಿದ ಚೀಲವನ್ನು ಸೇರುವ ಬದಲು ಉಬ್ಬುತ್ತಿರುವ ಚೀಲದ ಹೊಡೆತವನ್ನೇ ತಿನ್ನುವನು.

ಹಿಂದಿನ ಆಸನ

ಹಿಂದಿನ ಆಸನದಲ್ಲಿ ಬೆಲ್ಟು ಬೇಡವೆಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಜಡತ್ವಕ್ಕೆ ಮುಂದಿನ ಸಾಲು, ಹಿಂದಿನ ಸಾಲು ಎಂಬ ಭೇದವಿಲ್ಲ. ಮೇಲಿನ ಢಿಕ್ಕಿಯಲ್ಲಿಯೇ ಹಿಂದೆ ಕುಳಿತ 65 ಕಿಲೊ ತೂಕದವನನ್ನು ಕಾರಿನೊಡನೆ ನಿಲ್ಲಿಸಲು ಸುಮಾರು ಒಂದು ಟನ್ನಿನಷ್ಟು ಬಲ ಬೇಕು. ಬೆಲ್ಟಿಲ್ಲದಿದ್ದರೆ ಆ ಬಲವನ್ನು ಕೊಡಬೇಕಾದುದು ಮುಂದಿನ ಆಸನವೂ ಅದರಲ್ಲಿ ಕುಳಿತವರೂ. ಹಿಂದಿನವನು ಕಟ್ಟದ ಬೆಲ್ಟಿನಿಂದ, ಬೆಲ್ಟು ಕಟ್ಟಿದ ಮುಂದಿನವನೂ ಸಾಯಬಹುದು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡ ಅಪಘಾತದಲ್ಲಿ ಅವರು ಹಿಂದಿನ ಆಸನದಲ್ಲಿ ಬೆಲ್ಟಿಲ್ಲದೆ ಕುಳಿತಿದ್ದರು. ಉತ್ತಮವಾದ ಕಾರು ಆ ಕೊರತೆಯನ್ನು ತುಂಬಿಕೊಡಲಿಲ್ಲ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾಯಿ ಬಿಗಿಯಾಗಿ ಹಿಡಿದಿರುವಳು. ಮಗುವಿನ ತೂಕ 10 ಕಿಲೊ. ಮೇಲಿನ ಢಿಕ್ಕಿಯಲ್ಲಿ ಅದನ್ನು ಹಿಡಿದಿಡಲು 1,500 ನ್ಯೂಟನ್, ಎಂದರೆ ಒಂದೂವರೆ ಕ್ವಿಂಟಲ್ ತೂಕದಷ್ಟು ಬಲ ಬೇಕು. ಎಂತಹ ತಾಯಿಯ ಪ್ರೀತಿಯೂ ಈ ಬಲವನ್ನು ತೋಳುಗಳಿಗೆ ಕೊಡಲಾರದು. ಆದುದರಿಂದಲೇ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯು, ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಬೆಲ್ಟಿನಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸದೆ ಕರೆದೊಯ್ಯುವವನಿಗೆ ಸಾವಿರ ರೂಪಾಯಿಯ ದಂಡವನ್ನು ಗೊತ್ತುಪಡಿಸಿದೆ. ಬೆಲ್ಟು ಕಟ್ಟದವನಿಗೂ ಆ ಕಾಯಿದೆಯು ಗೊತ್ತುಪಡಿಸಿರುವುದು ಅಷ್ಟೇ ದಂಡ.

ವೇಗದ ವರ್ಗ

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಕರ್ನಾಟಕದ ಭಾಗವು 2024ರ ಕೊನೆಯಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಅದು ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಕೆ.ಜಿ.ಎಫ್. ಸೀಮೆಗಳ ಮೂಲಕ ಹಾದುಹೋಗುವುದು. ಗಂಟೆಗೆ 120 ಕಿಲೊಮೀಟರು ವೇಗಕ್ಕೆ ವಿನ್ಯಾಸಗೊಂಡ ರಸ್ತೆಯದು. ಹಳ್ಳಿಯ ರಸ್ತೆಯಲ್ಲಿ 50ರ ವೇಗಕ್ಕೆ ಒಗ್ಗಿದ ಕೈಗಳು ಹತ್ತು ನಿಮಿಷದಲ್ಲಿ ಅದರ ಇಮ್ಮಡಿ ವೇಗಕ್ಕೆ ಏರಬಹುದಾದ ಕಾಲ ಈ ಸೀಮೆಗೆ ಬಂದಿದೆ.

ವೇಗ ಇಮ್ಮಡಿಯಾದರೆ ಚಲನಶಕ್ತಿ ಇಮ್ಮಡಿಯಲ್ಲ, ನಾಲ್ಮಡಿಯಾಗುವುದು. ಗಂಟೆಗೆ 54 ಕಿಲೊಮೀಟರು ವೇಗದ ಢಿಕ್ಕಿಯು ಹನ್ನೊಂದೂವರೆ ಮೀಟರು ಎತ್ತರದಿಂದ, ಎಂದರೆ ಸುಮಾರು ನಾಲ್ಕು ಅಂತಸ್ತಿನ ಕಟ್ಟಡದ ಮೇಲಿನಿಂದ ಬೀಳುವುದಕ್ಕೆ ಸಮ. 108 ಕಿಲೊಮೀಟರು ವೇಗದ ಢಿಕ್ಕಿಯು 46 ಮೀಟರು ಎತ್ತರದಿಂದ, ಹದಿನೈದು ಅಂತಸ್ತಿನ ಮೇಲಿನಿಂದ ಬಿದ್ದಂತೆ. ಬ್ರೇಕಿನ ಲೆಕ್ಕವೂ ಹೀಗೆಯೇ. ಒಣ ರಸ್ತೆಯಲ್ಲಿ ಘರ್ಷಣ ಗುಣಾಂಕ 0.7 ಎಂದೂ, ಅಪಾಯವನ್ನು ಕಂಡು ಬ್ರೇಕು ತುಳಿಯಲು ಒಂದು ಸೆಕೆಂಡು ಬೇಕೆಂದೂ ಇಟ್ಟುಕೊಂಡರೆ, 54ರ ವೇಗದಲ್ಲಿ ಕಾರು ನಿಲ್ಲಲು 31 ಮೀಟರು ಬೇಕು; 108ರ ವೇಗದಲ್ಲಿ 96 ಮೀಟರು ಬೇಕು. ಮಳೆ ಬಿದ್ದು ರಸ್ತೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಬೆಲ್ಟಿಗೂ ಒಂದು ಮಿತಿಯುಂಟು. ಮಿತಿಮೀರಿದ ವೇಗದಲ್ಲಿ ಕಾರಿನ ದೇಹವೇ ಉಳಿಯದಿದ್ದಾಗ ಬೆಲ್ಟು ಏನನ್ನೂ ಉಳಿಸಲಾರದು. ಆದುದರಿಂದ ಬೆಲ್ಟೂ ವೇಗದ ಮಿತಿಯೂ ಜೊತೆಯಾಗಿಯೇ ಇರತಕ್ಕವು.

ಕ್ಯಾಮರಾದ ಕಣ್ಣು

ವೇಗವನ್ನು ಅಳೆದು ಚಿತ್ರ ತೆಗೆಯುವ ಯಂತ್ರದ ಕಥೆ ಸ್ವಾರಸ್ಯವಾದುದು. ಅದನ್ನು ರೂಪಿಸಿದವನು ಪೊಲೀಸನಲ್ಲ. ಹಾಲೆಂಡಿನ ಮಾರಿಸ್ ಗಾಟ್ಸೊನೀಡೆಸ್ ಎಂಬ ಕಾರು ಪಂದ್ಯದ ಚಾಲಕ. ತಿರುವುಗಳಲ್ಲಿ ತನ್ನ ವೇಗವೆಷ್ಟಿದೆಯೆಂದು ತಿಳಿದು ಅದನ್ನು ಇನ್ನೂ ಹೆಚ್ಚಿಸಿಕೊಳ್ಳುವುದು ಅವನ ಉದ್ದೇಶವಾಗಿತ್ತು!

ಇಂದಿನ ಯಂತ್ರಗಳಲ್ಲಿ ಎರಡು ಬಗೆ. ಮೊದಲನೆಯದು ರಾಡಾರನ್ನು ಬಳಸುವುದು. ಬಂಗಾರಪೇಟೆ ಜಂಕ್ಷನ್ನಿನ ಪ್ಲಾಟ್‌ಫಾರಮ್ಮಿನ ಮೇಲೆ ನಿಂತವರಿಗೆ, ನಿಲ್ಲದೆ ಹೋಗುವ ರೈಲಿನ ಶಿಳ್ಳೆಯು ಹತ್ತಿರ ಬರುವಾಗ ಕೀಚಲಾಗಿಯೂ ದೂರವಾಗುವಾಗ ತಗ್ಗಿಯೂ ಕೇಳುವುದು. ಇದು ಡಾಪ್ಲರ್ ಪರಿಣಾಮ. ರೇಡಿಯೊ ಅಲೆಗಳಿಗೂ ಇದು ಅನ್ವಯಿಸುವುದು. ಸೆಕೆಂಡಿಗೆ 2,400 ಕೋಟಿ ಕಂಪನಗಳ ಅಲೆಯೊಂದು, ಸೆಕೆಂಡಿಗೆ 30 ಮೀಟರು ವೇಗದಿಂದ ಎದುರಾಗಿ ಬರುವ ಕಾರಿಗೆ ತಗುಲಿ ಹಿಂದಿರುಗಿದಾಗ, ಅದರ ಆವೃತ್ತಿಯು 4,800ರಷ್ಟು ಹೆಚ್ಚಿರುವುದು. ಈ ವ್ಯತ್ಯಾಸವೇ ವೇಗವನ್ನು ಹೇಳುವುದು.

ಎರಡನೆಯದು ಸರಾಸರಿ ವೇಗವನ್ನು ಅಳೆಯುವುದು. ಹತ್ತು ಕಿಲೊಮೀಟರು ಅಂತರದಲ್ಲಿ ಎರಡು ಕ್ಯಾಮರಾಗಳು ಗಾಡಿಯ ನಂಬರನ್ನೂ ಕಾಲವನ್ನೂ ಗುರುತಿಸಿಕೊಳ್ಳುವುವು. ಮಿತಿಯು 100 ಆಗಿದ್ದರೆ ಆ ದೂರಕ್ಕೆ ಆರು ನಿಮಿಷ ಬೇಕು. ಐದೇ ನಿಮಿಷದಲ್ಲಿ ದಾಟಿದವನ ಸರಾಸರಿ ವೇಗ 120. ಎರಡೂ ಕ್ಯಾಮರಾಗಳ ಕೆಳಗೆ ಅವನು ಎಷ್ಟೇ ಮೆಲ್ಲಗೆ ಹೋಗಿದ್ದರೂ ತಪ್ಪಿಸಿಕೊಳ್ಳಲಾರನು. ಸರಾಸರಿ 120 ಆಗಬೇಕಾದರೆ ನಡುವೆ ಒಂದು ಕ್ಷಣವಾದರೂ ನಿಜವೇಗವು 120 ಇದ್ದೇ ಇರಬೇಕೆಂಬುದು ಕಾಲೇಜಿನ ವಿದ್ಯಾರ್ಥಿಗಳು ಕಲಿಯುವ ಮಧ್ಯಮಾನ ಪ್ರಮೇಯದ ಫಲ.

ಬೆಲ್ಟನ್ನು ಪತ್ತೆಹಚ್ಚುವ ಕ್ಯಾಮರಾವು ಮುಂದಿನ ಗಾಜಿನ ಮೂಲಕ ಚಿತ್ರ ತೆಗೆಯುವುದು. ಎದೆಯ ಮೇಲೆ ಓರೆಯಾದ ಪಟ್ಟಿಯುಂಟೋ ಇಲ್ಲವೋ ಎಂದು ಗಣಕಯಂತ್ರವು ಪರಿಶೀಲಿಸುವುದು. ಇಂತಹ ವಿದ್ಯುನ್ಮಾನ ಸಾಧನಗಳ ಬಳಕೆಗೆ ಕೇಂದ್ರ ಸರ್ಕಾರವು 2021ರ ಆಗಸ್ಟಿನಲ್ಲಿ ನಿಯಮಗಳನ್ನು ಮಾಡಿತು. ಕ್ಯಾಮರಾ ಇರುವ ಕಡೆ ಎಚ್ಚರಿಕೆಯ ಫಲಕವಿರಬೇಕು, ತಪ್ಪು ನಡೆದ ಹದಿನೈದು ದಿನಗಳೊಳಗೆ ನೋಟೀಸು ಕೊಡಬೇಕು ಎಂಬುವು ಅವುಗಳಲ್ಲಿ ಸೇರಿವೆ. ಕೇರಳವು 2023ರ ಜೂನ್ 5ರಿಂದ 726 ಕ್ಯಾಮರಾಗಳ ಮೂಲಕ ದಂಡ ವಿಧಿಸತೊಡಗಿತು. ಆ ರಾಜ್ಯಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರಿಗೆ ಇದರ ಪರಿಚಯ ಚೆನ್ನಾಗಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೂ ಕ್ಯಾಮರಾಗಳು ಕೆಲಸಮಾಡುತ್ತಿವೆ.

ಕ್ಯಾಮರಾ ಕಾಣದ ಕಡೆ

ಆದರೆ ಈ ಕಣ್ಣಿಗೂ ಮಿತಿಗಳುಂಟು. ಹಿಂದಿನ ಆಸನವು ಅದಕ್ಕೆ ಸರಿಯಾಗಿ ಕಾಣದು. ಕಪ್ಪು ಅಂಗಿಯ ಮೇಲಿನ ಕಪ್ಪು ಪಟ್ಟಿಯನ್ನು ಅದು ತಪ್ಪಾಗಿ ತಿಳಿಯಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಅದು ಇರುವ ಸ್ಥಳಗಳು ಕೆಲವು, ರಸ್ತೆಗಳು ಅಸಂಖ್ಯ. ಬೆಲ್ಟು ಹಾಕದಿದ್ದಾಗ ಕಾರಿನಲ್ಲಿ ಕೇಳಿಸುವ ಎಚ್ಚರಿಕೆಯ ಸದ್ದನ್ನು ಅಡಗಿಸಲು ಬರಿಯ ಕೊಂಡಿಯೊಂದನ್ನು ಸಿಕ್ಕಿಸುವವರಿದ್ದಾರೆ. ಇಂತಹ ಕೊಂಡಿಗಳ ಮಾರಾಟವನ್ನು ನಿಲ್ಲಿಸುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ಮೇ ತಿಂಗಳಲ್ಲಿ ಆನ್‌ಲೈನ್ ಮಾರಾಟದ ಐದು ಕಂಪನಿಗಳಿಗೆ ಆಜ್ಞೆಮಾಡಬೇಕಾಯಿತು. ಸದ್ದನ್ನು ಮೋಸಗೊಳಿಸಬಹುದು, ಕ್ಯಾಮರಾವನ್ನೂ ಒಮ್ಮೊಮ್ಮೆ ಮೋಸಗೊಳಿಸಬಹುದು. ಜಡತ್ವವನ್ನು ಮೋಸಗೊಳಿಸುವ ಕೊಂಡಿಯನ್ನು ಯಾರೂ ಮಾಡಿಲ್ಲ.

ಭಾರತದಲ್ಲಿ 2022ನೆಯ ಇಸವಿಯೊಂದರಲ್ಲಿಯೇ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಜನ. ಇವರಲ್ಲಿ 16,715 ಜನರು ಸೀಟ್ ಬೆಲ್ಟು ಧರಿಸಿರಲಿಲ್ಲವೆಂದು ಸರ್ಕಾರದ ವರದಿ ತಿಳಿಸುವುದು. ಬೆಲ್ಟು ಧರಿಸಿದರೆ ವಾಹನದೊಳಗಿರುವವರ ಸಾವಿನ ಸಂಭವವು ಅರ್ಧದಷ್ಟರವರೆಗೆ ತಗ್ಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಆ ಹದಿನಾರು ಸಾವಿರದಲ್ಲಿ ಎಷ್ಟು ಮನೆಗಳ ದೀಪಗಳು ಉಳಿಯಬಹುದಾಗಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಕಾನೂನು ಮತ್ತು ಕ್ಯಾಮರಾ ನಿರರ್ಥಕವೆಂದು ನಮ್ಮ ಅಭಿಪ್ರಾಯವಲ್ಲ. 1970ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಸಂಸ್ಥಾನವು ಬೆಲ್ಟು ಧರಿಸುವುದನ್ನು ಮೊಟ್ಟಮೊದಲು ಕಡ್ಡಾಯಮಾಡಿದ ಮೇಲೆ, ದೇಶದಿಂದ ದೇಶಕ್ಕೆ ಆ ಕಾನೂನು ಹಬ್ಬಿ ಅಭ್ಯಾಸವನ್ನು ಬೆಳೆಸಿತು. ದಂಡದ ಭಯವು ಅಭ್ಯಾಸವನ್ನು ಹುಟ್ಟಿಸಬಲ್ಲದು; ಆದರೆ ಅದು ಕ್ಯಾಮರಾ ಇಲ್ಲದ ಕಡೆಯಲ್ಲಿಯೂ ಉಳಿಯಬೇಕಾದರೆ ತಿಳಿವಳಿಕೆ ಬೇಕು. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಅಲ್ಲಿ ದುಡಿದ ಹಿರಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ನೆಲದಾಳದಲ್ಲಿ ಬಂಡೆಯು ತನ್ನಷ್ಟಕ್ಕೆ ಸಿಡಿಯುವ ಅವಘಡವು ಮುನ್ಸೂಚನೆ ಕೊಟ್ಟು ಬರುವಂಥದಲ್ಲವೆಂದು ಅವರು ಬಲ್ಲರು. ತನಿಖೆಯ ಅಧಿಕಾರಿ ಬಂದಾಗ ಮಾತ್ರ ತಲೆಗೆ ಟೋಪಿ ಹಾಕುವ ಗಣಿಗಾರನು ಜಾಣನೆನ್ನಿಸಿಕೊಳ್ಳುವನೇ? ರಸ್ತೆಯ ಮಾತೂ ಅಷ್ಟೇ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ. ಮನೆಯಲ್ಲಿ ಕಾರಿನಲ್ಲಿ ಪ್ರಯಾಣಮಾಡುವ ಪ್ರತಿಯೊಬ್ಬರ ತೂಕವನ್ನೂ ಬರೆದುಕೊಂಡು, 54 ಮತ್ತು 108 ಕಿಲೊಮೀಟರು ವೇಗಗಳಲ್ಲಿ, 5 ಮತ್ತು 75 ಸೆಂಟಿಮೀಟರು ದೂರಗಳಿಗೆ ಬಲವನ್ನು ಲೆಕ್ಕಮಾಡಿ ಒಂದು ಕೋಷ್ಟಕವನ್ನು ತಯಾರಿಸಿರಿ. ಅದನ್ನು ಅಜ್ಜಿ ತಾತಂದಿರಿಗೂ ಓದಿ ಹೇಳಿರಿ. ಮುಂದಿನ ಸಲ ಮದುವೆಗೋ ಜಾತ್ರೆಗೋ ಹೊರಟಾಗ, ಇರುವ ಬೆಲ್ಟುಗಳಿಗಿಂತ ಹೆಚ್ಚು ಜನರು ಕಾರನ್ನು ಹತ್ತಿದ್ದರೆ, ಆ ಕೋಷ್ಟಕವನ್ನು ತೋರಿಸಿ ಉಳಿದವರನ್ನು ಬಸ್ಸಿಗೆ ಕಳುಹಿಸುವ ಧೈರ್ಯವನ್ನು ಮಾಡಿರಿ.